ತಂಬಿಗಿ

ಜತ್ತಿನ ದವಾಖಾನಿಗೆ ಬಿಟ್ಟು
ಹೊತ್ತು ಮುಳುಗೂದ್ರಾಗ ಹೊಳ್ಳಿ ಬರ್ತೀನಿ ಅಂದಿದ್ದೆ.
ಬಸಿಯೊಳಗಿನ ಚಹಾ ಹಂಗ ಬಿಟ್ಟು ಜೀಪಿನ ಕೀಲಿ ತಗೊಂಡೆ.
ಸಾಬವ್ವನ ಗಂಡ ಕಬ್ಬು ಕಡಿಲಾಕ ಹೋದವ,
ಫೋನ್ ಹತ್ತವಲ್ದು.
ಮಹಾನಂದಾ ಓಡಿ ಬಂದು ನೀರಿನ ತಂಬಿಗಿ
ಕಿಡಕಿಯೊಳಗ ತುರುಕಿದಳು.
ಅವಳ ಮದುವಿಗೆ ಮುಯ್ಯಿ ಬಂದದ್ದು, ಹೆಸರು ಕೊರದದ್ದು.
ಸಂಖ ಬಿಡುವಾಗ ನನ್ನ ಹಂತ್ಯಾಕ ಇದ್ದದ್ದು
ಅದು, ಮೈಮ್ಯಾಲಿನ ಅಂಗಿ, ಅರ್ಧ ಟಾಕಿ ಡೀಸೆಲ್.

ಜತ್ತಿನವರು ಇಲ್ಲಾಗೂದಿಲ್ಲ, ಕವಠೇಮಹಾಂಕಾಳ ಅಂದರು.
ಅಲ್ಲಿ ಡಾಕ್ಟರು ರಜಾ. ಸಾಂಗ್ಲಿ.
ಸಾಂಗ್ಲಿಯವರು ಒಂದು ಚೀಟಿ ಬರದು: ಮಿರಜ.
ಹಿಂದಿನ ಸೀಟಿನಾಗ ಸಾಬವ್ವ
ಒಂದೊಂದು ತಗ್ಗಿಗೂ ಒಂದೊಂದು ದೇವರ ಹೆಸರು ಹೇಳಾಕಿ.
ದೇವರು ಮುಗದರು, ತಗ್ಗು ಮುಗೀಲಿಲ್ಲ.
ಆಮ್ಯಾಲೆ ನನ್ನ ಬೈಲಾಕ ಹತ್ತಿದಳು.

ನಾತಂ ಕಾಯ್? ಅಂದ ಕಿಡಕಿಯೊಳಗಿನವ.
ಶೇಜಾರಿ, ಅಂದೆ.
ಆ ಕಾಗದದಾಗ ನೆರಿಮನಿಗೆ ಜಾಗ ಇಲ್ಲಂತ.
ಅಣ್ಣ ಅಂತ ಬರಸಿ ಸಹಿ ಮಾಡಿದೆ.
ಅಡ್ಡಹೆಸರು ಬ್ಯಾರೆ ಇತ್ತು. ನೋಡಿದ, ಸುಮ್ಮನಾದ.

ಎಂಟು ತಿಂಗಳಿನ ಕೂಸು, ಗಾಜಿನ ಪೆಟ್ಟಿಗಿಯೊಳಗ.
ಇವತ್ತ ನಾಳೆ, ಇವತ್ತ ನಾಳೆ ಅನಕೋತ ಹದಿನೇಳು ದಿನ.
ನೀರಿಗೆ ಔಷಧದ ವಾಸನಿ. ರೊಟ್ಟಿ ಅಂತ ಕೊಟ್ಟದ್ದು ಅರಬಿ ಹಂಗ ಮೆತ್ತಗ.
ಸೂರ್ಯ ಸೈತ ದವಾಖಾನಿ ಹಿಂದಿಂದ ತಡಮಾಡಿ ಬರಾಂವ.
ಒಂದು ಓಣಿಯಾಗ ಸಿತಾರ ಮಾಡತಾರ,
ಒಣ ಕುಂಬಳಬುರುಡಿ ಸಾಲಾಗಿ ತೂಗತಾವ.
ನಮ್ಮ ಜಂತಿಗೆ ಬೀಜಕ್ಕಂತ ಕಟ್ಟಿದ್ದು ನೆನಪಾಗಿ
ಅಲ್ಲೇ ನಿಂತುಬಿಟ್ಟೆ.
ಏನ ಬೇಕು ಅಂದ ಒಬ್ಬ ಹುಡುಗ.
ಏನೂ ಬ್ಯಾಡ.

ರಾತ್ರಿ ಜೀಪೇ ನನ್ನ ಮನಿ.
ಹರದ ಸೀಟಿನ ಕುಣಿ ನನ್ನ ಬೆನ್ನಿನ ಅಳತಿಯದು,
ತುಸು ಎಡಕ್ಕ ವಾಲಿದರ ಸ್ಪ್ರಿಂಗ್ ಚುಚ್ಚತದ,
ಅದೂ ನನಗ ಗೊತ್ತಿದ್ದ ಜಾಗದಾಗ.
ಎದಿಮ್ಯಾಲೆ ತಂಬಿಗಿ.
ಹಗಲೆಲ್ಲಾ ಗೆರಿಗೆ ಜೋತುಬಿದ್ದ ಅಕ್ಷರ ನೋಡಿ ನೋಡಿ
ಕತ್ತಲದಾಗ ಈ ದುಂಡನ್ನವು ಹೆಬ್ಬೆರಳಿಗೆ ಸಿಕ್ಕರ ಸಾಕು.
ಎಂಟು ವರ್ಷ ನೀರು ಕುಡದಿದ್ದೆ, ಒಮ್ಮೆಯೂ ಓದಿರಲಿಲ್ಲ.
ಈಗ ಸವರಿ ಓದಿದೆ: ಒಂದು ಸೊನ್ನಿ, ಒಂದು ಒತ್ತು,
ಕಡೀಕ ಊರು, ಸಂಖ.
ನಿದ್ದಿ ಬರತಿತ್ತು.

ಎಂಟನೇ ದಿನ ಮುದಕಪ್ಪ ಬಂದ,
ಮುಂಗೈ ತುಂಬ ಕಬ್ಬಿನ ಗರಿ ಗೀರು.
ನೀ ಹೋಗಪಾ, ಅಂದ.
ಹೋಗಬಹುದಿತ್ತು.
ಕೂಸಿನ ಮುಷ್ಟಿ ಅಡಕಿಯಷ್ಟಿತ್ತು, ಬಸ್ಸು ನೆನಸಿಕೊಂಡೆ,
ಹಂಗ ಉಳದೆ.

ಊರಿಗೆ ಬಂದ ಮರುದಿನ ಬಚ್ಚಲದಾಗಿಂದ ಮಹಾನಂದಾ:
ಇದು ಯಾರ ತಂಬಿಗಿ?
ನಮ್ಮದ.
ನಮ್ಮದ್ಯಾಂಗ? ಓದ್ರಿ ಇಲ್ಲೆ.
ಬಿಸಲಿಗೆ ಹಿಡದೆ. *ಚಿ. ರುದ್ರವ್ವಗ, ಕಾಕಾನಿಂದ. ಐಗಳಿ.*

ನಳದ ಪಾಳಿಯಾಗ ಅದಲಬದಲ ಆಗಿರಬೇಕು.
ಯಾವತ್ತು? ಎರಡನೇ ದಿನವೋ, ಹದಿನಾರನೇದೋ.
ಹೆಬ್ಬೆರಳು ಕಡೀತನಕ ಸಂಖ ಅಂತಲೇ ಓದಿತ್ತು.
ಇಷ್ಟು ದಿನ ಗೊತ್ತಾಗಲಿಲ್ಲೇನ್ರಿ ನಿಮಗ?
ಅವಳ ಕಣ್ಣಾಗ ನೀರು, ಸೋದರಮಾವ ಕೊಟ್ಟದ್ದು ಅದು.
ಇಲ್ಲ, ಅಂದೆ.
ಐಗಳಿಯಾಗ ಯಾರೋ ಹಿಂಗ ಬೈಸಿಕೊಳ್ಳಾಕ ಹತ್ತಿರಬೇಕು ಈಗ.

ಗ್ವಾಡಿ ಆಚೆ ಕೂಸು ಅತ್ತಿತು.
ಮಹಾನಂದಾ ಮೂಗು ಒರಸಿಕೊಂಡು
ಹಂಡೇದಾಗಿನ ಬಿಸಿನೀರು ಅದರಾಗ ತುಂಬಿದಳು:
ಬಾಣಂತಿಗೆ ಕೊಟ್ಟು ಬರ್ರಿ,
ತಂಬಿಗಿ ಹೊಳ್ಳಿ ತರೂದು ಮರೀಬ್ಯಾಡ್ರಿ.