ಮೋರೆ ತಿದ್ದುವವರು

ಬಂದರಿನಲ್ಲಿ, ಒಣಮೀನಿನ ಗೋದಾಮಿನ ಮೇಲಿನ ಸ್ಟುಡಿಯೋದಲ್ಲಿ
ಸಾಲುಮಾಮ ನನಗೆ ಮೊದಲು ಕಲಿಸಿದ್ದು
ಪೆನ್ಸಿಲು ಕೆತ್ತುವುದನ್ನು.
ಫೋರ್ ಎಚ್. ಮರಳುಕಾಗದದ ಮೇಲೆ
ತಿರುಗಿಸಿ ತಿರುಗಿಸಿ
ಮೊನೆ ಉಂಟೋ ಇಲ್ಲವೋ ಎಂಬಷ್ಟು.

ಆಮೇಲೆ ನೆಗೆಟಿವ್.
ಕಿಟಕಿಯ ಬೆಳಕಿಗೆ ಹಿಡಿದ ಹಾಳೆಯಲ್ಲಿ
ಬಿಳಿ ಕೂದಲು, ಕಪ್ಪು ಹಲ್ಲು,
ಕಣ್ಣಿನ ಬೊಂಬೆ ಎರಡು ಹನಿ ಹಾಲು.
"ಯಾರಿದು, ಹೇಳು?"
ಗೊತ್ತಾಗಲಿಲ್ಲ.
ತೊಳೆದ ಪ್ರಿಂಟು ಹಗ್ಗಕ್ಕೆ ಸಿಕ್ಕಿಸಿದಾಗ ನೋಡಿದರೆ
ನನ್ನ ಅಕ್ಕ!
ಒಂದೇ ಚಾಪೆಯಲ್ಲಿ ಹದಿನೇಳು ವರ್ಷ ಮಲಗಿದವಳು.
ಸಾಲುಮಾಮ ನಕ್ಕರು,
"ಒಳ್ಳೆಯದೇ ಆಯಿತು ಮಾರಾಯ್ತಿ,
ಗುರುತಿಲ್ಲದವರ ಮೊಡವೆ ತೆಗೆಯುವುದು ಸುಲಭ.
ಗುರುತು ಹತ್ತಿದರೆ ಕೈ ನಡುಗುತ್ತದೆ."

ಇನ್ನೊಂದು ಹೇಳುತ್ತಿದ್ದರು.
ಕೆಲಸ ಮುಗಿದ ಮೇಲೆ ಬಾಗಿಲ ತನಕ ಹಿಂದೆ ಹೋಗು,
ಕಣ್ಣು ಕಿರಿದು ಮಾಡು.
ರೆಪ್ಪೆ ಕಾಣಬಾರದು, ಮಚ್ಚೆ ಕಾಣಬಾರದು.
ಎರಡು ನೆರಳು, ನಡುವೆ ಒಂದು ಏರು, ಕೆಳಗೊಂದು ಅಡ್ಡಗೆರೆ.
ಮನುಷ್ಯ ಇರುವುದು ಅಷ್ಟರಲ್ಲೇ.
ಕೂದಲೆಳೆಯ ಹಿಂದೆ ಹೋದೆಯೋ,
ಕೂದಲು ಸಿಕ್ಕೀತು,
ಆಸಾಮಿ ತಪ್ಪಿಸಿಕೊಂಡ.

ಹೋದ ವರ್ಷ ತೆನೆಹಬ್ಬದ ಮಾರನೆಯ ದಿನ
ಅವರ ತಲೆಯೊಳಗೆ, ಬಲಗಡೆ, ಹಿಂದೆ, ಕೆಳಗೆ
ಒಂದು ಹನಿ ರಕ್ತ ಹೆಪ್ಪುಗಟ್ಟಿತು.
ಕೈ ಸರಿ. ಮಾತು ಸರಿ. ಪೇಪರು ಓದುತ್ತಾರೆ,
ಸುಡೋಕು ತುಂಬುತ್ತಾರೆ.
ಅತ್ತಾವರದ ಡಾಕ್ಟರಮ್ಮ ಸ್ಕ್ಯಾನು ತೋರಿಸಿ
ತುಂಬಾ ಹೊತ್ತು ವಿವರಿಸಿದರು.
ನನಗೆ ಅರ್ಥವಾದದ್ದು ಇಷ್ಟು:
ಅದೊಂದು ಕಡವು.
ಮೂಗು ಬಂದಿದೆ, ಹುಬ್ಬು ಬಂದಿದೆ, ಗಲ್ಲ ಬಂದಿದೆ,
ಎಲ್ಲ ಈಚೆ ದಡದಲ್ಲಿ ಸಾಲಾಗಿ ನಿಂತಿವೆ.
ಒಟ್ಟಿಗೆ ದಾಟಿಸುವ ದೋಣಿ ಇಲ್ಲ.

ನೋಡಲು ಹೋದ ನನ್ನನ್ನು ನೋಡಿದರು.
"ಎಡ ಹುಬ್ಬಿನಲ್ಲಿ ಹಳೆಯ ಗಾಯ, ಎರಡು ಹೊಲಿಗೆ.
ಮೂಗುಬೊಟ್ಟು ಹೊಸತು.
ಕೆಳತುಟಿ ಒಡೆದಿದೆ, ನೀರು ಸಾಲದು.
ಚೆಂದದ ಚರ್ಮ, ತಿದ್ದಲಿಕ್ಕೆ ಎಂತದೂ ಇಲ್ಲ.
ಯಾರು ನೀವು?"

ಕಾರ್ಮಿನ್‌ಬಾಯಿ ಈಗ ದಿನವೂ
ತಲೆಗೆ ಕೆಂಪು ಕ್ಲಿಪ್ಪು ಹಾಕುತ್ತಾರೆ,
ಅರವತ್ತೆಂಟರ ಪ್ರಾಯದಲ್ಲಿ, ಶಾಲೆ ಹುಡುಗಿಯಂತೆ.
ಒಂದು ಭಾನುವಾರ ಬಿಜೈ ಇಗರ್ಜಿಯ ಅಂಗಳದಿಂದ
ಅಂಥದ್ದೇ ಕ್ಲಿಪ್ಪಿನ ಬೆನ್ನು ಹಿಡಿದು
ಸಾಲುಮಾಮ ಕುಲಶೇಖರದ ಬಸ್ಸು ಹತ್ತಿದರು.
"ಟಿಕೆಟು ಹೆಂಡತಿ ತೆಗೆಯುತ್ತಾಳೆ" ಎಂದರಂತೆ ಕಂಡಕ್ಟರನಿಗೆ.
ಆಕೆ ತಿರುಗಿ ಬೈದಳು.
ಸ್ವರ ಬೇರೆ.
ಇಳಿದು, ನಂತೂರಿನ ಬಿಸಿಲಲ್ಲಿ ನಿಂತಿದ್ದರು,
ಎದುರಿಗೆ ಹೋಗುವ ಬರುವ ನೂರು ಮೂಗು, ನೂರು ಹುಬ್ಬು.

ಮೊನ್ನೆ ಸ್ಟುಡಿಯೋ ಖಾಲಿ ಮಾಡುವಾಗ
ಬಿಸ್ಕೆಟಿನ ಡಬ್ಬಿಯಲ್ಲಿ ಸಿಕ್ಕಿದ ನೆಗೆಟಿವ್ ಒಯ್ದೆ.
ಅವರ ಕಿಟಕಿಗೆ ಒರಗಿಸಿಟ್ಟೆ.
"ಪೆನ್ಸಿಲು ಕೊಡು" ಎಂದರು.
ಕೈ ನಡುಗಲಿಲ್ಲ.
ಯಾರೆಂದು ಅವರು ಕೇಳಲಿಲ್ಲ,
ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.
ಆ ಹಾಳೆಯ ಎದುರು ಇಬ್ಬರೂ ಸಮ.
ಗಲ್ಲದ ಕೆಳಗೊಂದು ಗೀರು ಮುಚ್ಚಿದರು,
ಹಣೆಯ ಚುಕ್ಕೆಗಳನ್ನು ಒಂದೊಂದಾಗಿ,
ತುಟಿಯ ಕೊನೆಗೆ ಬಂದು ನಿಂತರು.
"ಈ ಗೆರೆ ನೋಡು.
ಯಾರ ಹುಡುಗಿಯೋ, ನಗು ತಡೆದುಕೊಂಡಿದ್ದಾಳೆ.
ಇರಲಿ, ಇದನ್ನು ತೆಗೆಯುವುದು ಬೇಡ."

ಹೊಸ್ತಿಲಲ್ಲಿ ಕಾರ್ಮಿನ್‌ಬಾಯಿ, ಕೈಯಲ್ಲಿ ಲೋಟ.
ತಲೆ ತೊಳೆದಿದ್ದರು, ಕ್ಲಿಪ್ಪು ಇರಲಿಲ್ಲ.
ಅಷ್ಟು ದೂರದಿಂದ, ಕಣ್ಣು ಕಿರಿದು ಮಾಡಿ,
ಕಿಟಕಿಯ ಹಾಳೆಯನ್ನು ನೋಡಿದರು.
ತಮ್ಮನ್ನೇ ತಾವು ಗುರುತಿಸಲು
ಅವರಿಗೂ ತುಸು ಹೊತ್ತು ಬೇಕಾಯಿತು,
ಅದೂ ರವಿಕೆಯ ಕಸೂತಿಯಿಂದ.

ಸಾಲುಮಾಮ ತಿರುಗಿದರು. "ಯಾರು?"
"ಚಾ ಆರಿತು" ಎಂದರು ಅವರು.