ನೀರು ಕೊಟ್ಟೆಯಾ

ನಲವತ್ತು ವರುಷ ಇದೇ ಕುರ್ಚಿ, ಕಿಟಕಿಯಾಚೆ ಇದೇ ಸರೋವರ.
ಜ್ಯೂರಿಕ್ಕಿನ ಜನ ಗಂಟೆಗಿಷ್ಟೆಂದು ಕೊಟ್ಟು
ಕನಸು ಬಿಚ್ಚಿಡುತ್ತಾರೆ, ಒದ್ದೆ ಛತ್ರಿಯ ಹಾಗೆ.

ಉರ್ಸಿನಾ, ಟ್ರಾಮ್ ಓಡಿಸುವಾಕೆ, ಗುರುವಾರಕ್ಕೊಮ್ಮೆ:
"ಡಿಪೋದ ಕೆಳಗೊಂದು ನೆಲಮಾಳಿಗೆ, ಡಾಕ್ಟರೇ.
ಅಲ್ಲೊಂದು ಕುದುರೆ. ಕಟ್ಟಿಲ್ಲ. ಹೋಗುವುದೂ ಇಲ್ಲ.
ನನ್ನನ್ನೇ ನೋಡುತ್ತದೆ."

ಬಣ್ಣ ಕೇಳಿದೆ. ಅಪ್ಪನ ಬಗ್ಗೆ ಕೇಳಿದೆ.
ನೆರಳು ಎಂದು ಬರೆದೆ, ಹೊಡೆದುಹಾಕಿ
ಪ್ರಾಣಶಕ್ತಿ ಎಂದೆ, ಕೆಳಗೆ ಗೆರೆ ಎಳೆದೆ.
ಅವಳು ಹೂಂಗುಟ್ಟಿದಳು, ಕೋಟು ತೊಟ್ಟಳು.

ಮೂರು ವಾರ ಬರಲಿಲ್ಲ.
ಬಂದಾಗ ಕೂರಲೂ ಇಲ್ಲ, ಬಾಗಿಲಲ್ಲೇ ಹೇಳಿದಳು:
"ಬೆಟ್ಟದ ಮೇಲಿನ ಮಠದಲ್ಲಿ ನನ್ನ ದೊಡ್ಡಮ್ಮ, ಸನ್ಯಾಸಿನಿ,
ಕಿವಿ ಮಂದ. ಎರಡು ಸಲ ಕೂಗಿ ಹೇಳಬೇಕಾಯಿತು ಕನಸನ್ನು.
ಬಟಾಣಿ ಸುಲಿಯುತ್ತಲೇ ಕೇಳಿದಳು:
ನೀರು ಕೊಟ್ಟೆಯಾ ಅದಕ್ಕೆ?"

ಮುಂದೇನಾಯಿತೆಂದು ಹೇಳಲಿಲ್ಲ ಉರ್ಸಿನಾ.
ಬಾಕಿ ಹಣ ಎಣಿಸಿಟ್ಟಳು. ಅಂಗೈಗೆ ಅಡ್ಡಲಾಗಿ
ಬಕೆಟ್ಟಿನ ಹಿಡಿ ಒತ್ತಿದಂಥ ಕೆಂಪು ಗೆರೆ.
ಟ್ರಾಮಿನ ಹಿಡಿಕೆಯದೂ ಇರಬಹುದು.

ನನ್ನದು ಐದನೆಯ ಮಹಡಿ. ನೆಲಮಾಳಿಗೆಯ ಬೀಗದ ಕೈ ಎಲ್ಲಿಟ್ಟೆನೋ.
ಇವತ್ತು ಮಲಗುವ ಮುನ್ನ
ಬಕೆಟ್ಟು ತೊಳೆದೆ.