ಶುಕ್ರವಾರ ಐದರೊಳಗೆ

ಹದಿನಾರು ಪುಟ, ಮೂಲೆಗೊಂದು ಪಿನ್ನು.
ಮಡಿಚಿ ಜೇಬಿಗೆ ತುರುಕಿಕೊಂಡು ಹೋಗಿದ್ದವನು
ಇವತ್ತು ಬಂದ, ನಾಲ್ಕೂಕಾಲಿಗೆ,
ಬೂಟಿನ ಹಿಮವನ್ನು ನನ್ನ ಚಾಪೆಯ ಮೇಲೆ ಕರಗಿಸುತ್ತ.
ಐನೋ ಕಾಲ್‌ಗ್ರೆನ್. ಇಪ್ಪತ್ತೆರಡು.
ಮೂರನೇ ಯಂತ್ರದಲ್ಲಿ ರಾತ್ರಿ ಪಾಳಿ.
ಸೇರಿ ಇನ್ನೂ ಇಪ್ಪತ್ತೊಂದು ದಿನ.

"ಇದರಲ್ಲಿ ಯಾವುದು ಒಳ್ಳೇದು?"
ಎಲ್ಲರೂ ಕೇಳುವುದು ಇದನ್ನೇ.
ನಾನು ಹೇಳುವಂತಿಲ್ಲ.
ಇಪ್ಪತ್ತೊಂಬತ್ತು ವರ್ಷದಿಂದ ಈ ಮೇಜಿನ ಹಿಂದೆ
ಸಹಿ ಎಲ್ಲಿ ಎಂದು ತೋರಿಸುವುದಕ್ಕಷ್ಟೇ
ನನಗೆ ಸಂಬಳ.

ಅವನು ಓದಿದ, ತುಟಿ ಅಲುಗಿಸುತ್ತ:
ದೊಡ್ಡ ಕಂಪನಿಗಳ ಷೇರು, ಸಣ್ಣವುಗಳ ಷೇರು,
ಹೊರದೇಶ, ಬಾಂಡು, ಸ್ಥಿರ ಮೌಲ್ಯ,
ಕೊನೆಗೆ ಬರೀ ಇಸವಿಯ ಹೆಸರಿನವು ಎರಡು:
ಎರಡು ಸಾವಿರದ ಎಪ್ಪತ್ತು.
ಪೆನ್ನು ಅಲ್ಲಿ ನಿಂತಿತು.
"ಅಲ್ಲೀತನಕ ಇರತ್ತಾ ಈ ಕಾರ್ಖಾನೆ?"
ಕಿಟಕಿಯಾಚೆ ತಿರುಳಿನ ಹಬೆ, ಕೊಳೆತ ಕೋಸಿನ ವಾಸನೆ,
ಅದರಾಚೆ ಸರೋವರ, ದಂಡೆಗಂಟಿ ಬಿಳಿಚಿಕೊಂಡಿತ್ತು.
ದುಡ್ಡು ನಿನ್ನದು, ನೀನು ಹೋದಲ್ಲಿಗೆ ಬರುತ್ತೆ.
ಇಷ್ಟು ಹೇಳಬಹುದು. ಹೇಳಿದೆ.
ನೂರಕ್ಕೆ ಐದು ನೀನು ಹಾಕಿದರೆ ಐದು ಅವರೂ ಹಾಕುತ್ತಾರೆ.
ಇದನ್ನೂ. ಎರಡು ಸಲ.
ಅವನು ಮೂರು ಎಂದು ಬರೆದಿದ್ದ.
ಟ್ರಕ್ಕಿನ ಕಂತು, ಬಾಡಿಗೆ, ಹಲ್ಲಿನ ಡಾಕ್ಟರು,
ಬೆರಳು ಮಡಿಚಿ ಮಡಿಚಿ ತೋರಿಸಿದ.
ಹಾಸಿಗೆ ಇದ್ದಷ್ಟು ಕಾಲು, ಸರಿ ಮಗು,
ಆದರೆ ಈ ಚಳಿಯಲ್ಲಿ ಪಕ್ಕದವನು ಬಿಟ್ಟಿ ಕೊಟ್ಟ ಕಂಬಳಿಯನ್ನು
ಯಾರಾದರೂ ಒದೆಯುತ್ತಾರೆಯೇ?
ಇದನ್ನು ಬಾಯಲ್ಲಿ ಹೇಳಲಿಲ್ಲ.

ಪುಟ ಒಂಬತ್ತು.
ನಿಮ್ಮ ಹಣದ ಮೂರನೇ ಒಂದು ಭಾಗ
ಒಂದೇ ವರ್ಷದಲ್ಲಿ ಕರಗಿದರೆ ಏನು ಮಾಡುತ್ತೀರಿ?
ಮಾರುತ್ತೇನೆ. ಕಾಯುತ್ತೇನೆ. ಇನ್ನಷ್ಟು ಕೊಳ್ಳುತ್ತೇನೆ.
ಕಾಯುತ್ತೇನೆ ಎಂದು ಗುರುತು ಹಾಕಿದ, ತಡೆಯದೆ,
ಹೀಟರಿನ ಪಕ್ಕ ಕೂತ ಯಾರೇ ಆದರೂ ಹಾಕುವಂತೆ.
ನಾನೂ ಹಾಗೇ ಹಾಕಿದ್ದೆ.
ಆಮೇಲೆ ಆ ಚಳಿಗಾಲ ಬಂತು.
ದಿನಾ ಸಂಜೆ ರೇಡಿಯೋದಲ್ಲಿ ಒಂದು ಅಂಕಿ ಜಾರುತ್ತಿತ್ತು.
ಮಾರ್ಚಿನ ಒಂದು ಸೋಮವಾರ, ಇದೇ ಮೇಜಿನಿಂದ,
ಎಲ್ಲ ಮಾರಿದೆ.
ಅವತ್ತು ಮುಟ್ಟಿದ್ದು ತಳ ಎಂದು ತಿಳಿಯಲು
ಎರಡು ವರ್ಷ ಬೇಕಾಯಿತು.
ಹೆಪ್ಪುಗಟ್ಟಿದ ಸರೋವರ ರಾತ್ರಿ ಗುಡುಗುವುದುಂಟು.
ಮೀನು ಹಿಡಿಯುವವರ ಮಾತು:
ಅದು ಒಡೆಯುವ ಸದ್ದಲ್ಲ, ದಪ್ಪವಾಗುವ ಸದ್ದು.
ಇರಬಹುದು.
ಮೇಲೆ ನಿಂತಿದ್ದವಳು ನಾನು.

ಕಾಫಿ ಲೋಟವನ್ನು ಎತ್ತಿ
ಪಟ್ಟಿಯ ಬಲತುದಿಯಲ್ಲಿಟ್ಟೆ,
ವಾರ್ಷಿಕ ಶುಲ್ಕದ ಕಾಲಮ್ಮಿನ ಮಗ್ಗುಲಿಗೆ;
ಸಾಸಿವೆಯಷ್ಟು ಅಕ್ಷರ ಅಲ್ಲಿ.
ಲೋಟ ಇಡುವುದು ಸಲಹೆಯಲ್ಲ.
ಅವನ ಕಣ್ಣು ಹೋಯಿತು. ಮೇಲೆ ಕೆಳಗೆ ಓಡಿತು.
"ಎರಡೂ ಎಪ್ಪತ್ತೇ. ಇದಕ್ಕೆ ಅದರ ಹತ್ತು ಪಟ್ಟು ಯಾಕೆ?"
ಲೋಟ ಎತ್ತಿ ಕುಡಿದೆ. ತಣ್ಣಗಾಗಿತ್ತು.
ಅಗ್ಗದ ಎಪ್ಪತ್ತಕ್ಕೆ ಗುರುತು ಬಿತ್ತು.
ಮೂರನ್ನು ಹೊಡೆದು, ಸ್ವಲ್ಪ ತಡೆದು, ಐದು ಬರೆದ.

ನಾಲ್ಕೂ ಐವತ್ತು. ಕೊನೆಯ ಪುಟ.
ನಿಮ್ಮ ನಂತರ ಯಾರಿಗೆ?
ನಲವತ್ತೈದು ವರ್ಷವನ್ನು ಅರ್ಧ ಗಂಟೆಯಲ್ಲಿ ದಾಟಿದವನು
ಒಂದು ಗೆರೆಯ ಮುಂದೆ ಟೋಪಿ ತೆಗೆದ.
"ಖಾಲಿ ಬಿಡಬಹುದಾ?"
ಬಿಡಬಹುದು. ಅರ್ಧ ಕಾರ್ಖಾನೆ ಬಿಟ್ಟಿದೆ.
ಗೋಡೆಯ ಗಡಿಯಾರ, ಹೀಟರಿನ ಕೆಮ್ಮು.
ನಾನು ಪಿನ್ನುಗಳನ್ನು ಡಬ್ಬಿಯಲ್ಲಿ ಹೊಂದಿಸಿದೆ,
ಹೊಂದಿದ್ದವನ್ನೇ.

ಬರೆದ: ಲೆಂಪಿ ಓಯಸ್.
ಸಂಬಂಧ ಎಂಬಲ್ಲಿ, ಚೌಕದ ಹೊರಗೂ ಹರಿಯುವಂತೆ:
ಶಾಲೆಯ ಬಸ್ಸು ಓಡಿಸುತ್ತಿದ್ದಳು.
"ಅವಳಿಗೆ ಈಗಲೇ ಎಪ್ಪತ್ತೊಂದು" ಅಂದ,
ಲೆಕ್ಕ ತಪ್ಪಿದೆಯೆಂದು ಗೊತ್ತಿರುವವನ ಹಾಗೆ.
"ಆದ್ರೂ ಇರ್ಲಿ."

ಅವನು ಹೋದ ಮೇಲೆ ಕಂಪ್ಯೂಟರಿಗೆ ಏರಿಸಿದೆ.
ಅದರ ಪಟ್ಟಿಯಲ್ಲಿ ಗಂಡ, ಹೆಂಡತಿ, ಮಗು, ತಂದೆ, ತಾಯಿ.
ಎಲ್ಲಕ್ಕೂ ಕೆಳಗೆ, ಇತರೆ.
ಇತರೆ ಒತ್ತಿದೆ.
ಚಾಪೆಯ ಮೇಲೆ ಎರಡು ಬೂಟಿನಷ್ಟು ನೀರು.
ಒರೆಸಲು ಹೊರಟು, ಕೂತೆ.